ಪದ್ಮಿನಿ ಕಾರಿನ ಕ್ರೋಮ್ ಪಟ್ಟಿ ಯಾವ್ದು ಎಲ್ಲಿದು? ಕಡೀಗೂ ಹೊಂದಿಸೀನಿ

ನನ್ನ 78ರ ಪ್ರೀಮಿಯರ್ ಪದ್ಮಿನಿ ಕಾರಿನ ಜೋಡಿ ಒಂದು ಗೋಣಿಚೀಲ ತುಂಬ ಮೈಮ್ಯಾಲ ಕೂಡೋ ಕ್ರೋಮ್ ಪಟ್ಟಿ, ಕ್ಲಿಪ್, ಸ್ಕ್ರೂ ಬಂದಿತ್ತು, ಯಾವ್ದು ಎಲ್ಲಿದು ಅಂತ ಮಾರಿದವ್ರಿಗೂ ಗೊತ್ತಿರ್ಲಿಲ್ಲ. ನಮ್ಮ ಕಲಬುರಗಿ ಡೆಂಟಿಂಗ್ ಉಸ್ತಾದ್ ನೋಡಿದವ್ರೇ "ಅಣ್ಣಾ, ಇದನ್ನ ಗುಜರಿಗೆ ಹಾಕ್ರಿ, ಮುಂಬೈದಿಂದ ಹೊಸಾ ಸೆಟ್ ತರಸ್ರಿ" ಅಂದ್ರು. ಹೊಸದಕ್ಕ ಹತ್ತತ್ರ 14 ಸಾವಿರ, ಅದೂ ತೆಳು ಮಾಲು. ನಾ ಒಲ್ಲೆ ಅಂದೆ.

ಮೊದಲು ತಪ್ಪು ಮಾಡಿದ್ದು ಹೇಳ್ತೀನಿ. ನಾಕು ಪಟ್ಟಿ ಬಫಿಂಗಿಗೆ, ಅಂದ್ರ ತಿಕ್ಕಿ ಪಾಲಿಶ್ ಮಾಡ್ಲಿಕ್ಕೆ ಕೊಟ್ಟೆ, 1,600 ಹೋತು, ಅವ್ರು ಹಿಂದಿನ ಮಗ್ಗಲೂ ತಿಕ್ಕಿ ಫಳಫಳ ಮಾಡಿಬಿಟ್ರು, ಗುರುತೆಲ್ಲಾ ಇದ್ದಿದ್ದೇ ಅಲ್ಲಿ! ಕ್ಲಿಪ್ ಕುಂತ ಜಾಗದಾಗ ತುಕ್ಕಿನ ಕಲೆ ಇರ್ತದ, ನಡುವ ಧೂಳು ಗಟ್ಟಿ ಆಗಿರ್ತದ, ಆ ಕಲೆಗಳ ಅಂತರನೇ ಪಟ್ಟಿಯ ಜಾತಕ ನೋಡ್ರಿ.

ಬಾಗಿಲ ಮ್ಯಾಲ ಬಟರ್ ಪೇಪರ್ ಹಚ್ಚಿ ಪೆನ್ಸಿಲ್ ಆಡಿಸಿದೆ, ಕ್ಲಿಪ್ ಕೂಡೋ ತೂತು ಮೂಡಿದ್ವು. ಪುಟ್ಟಿ ಬಡದು ಮುಚ್ಚಿದ ತೂತು ಹೊರಗಿಂದ ಕಾಣಂಗಿಲ್ಲ, ಡೋರ್ ಪ್ಯಾಡ್ ಬಿಚ್ಚಿ ಒಳಗಿಂದ ಟಾರ್ಚ್ ಹಿಡೀಬೇಕು. ಆಮ್ಯಾಲ ಪೇಪರ್ ತಿರುವಿ ಹಾಸಿ, ಬಾಜೂಕ ಪಟ್ಟಿ ಬೋರಲ ಇಟ್ಟು ಕೂಡಿಸ್ತಾ ಹೋದೆ. ಬಲಗಡಿ ಮುಂದಿನ ಬಾಗಿಲದಾಗ ಕಡೀ ಎರಡು ತೂತು ಉಳಿದವಕ್ಕಿಂತ ಅರ್ಧ ಇಂಚು ಹತ್ರ ಅವ, ಒಂದು ಪಟ್ಟಿಯಾಗೂ ಹಂಗೇ ಎರಡು ಕಲೆ, ಟಕ್ ಅಂತ ಕೂಡ್ತು. ಉಸ್ತಾದ್ ಏನೂ ಮಾತಾಡ್ಲಿಲ್ಲ, ಅವತ್ತು ಚಾ ಅವ್ರೇ ತರಿಸಿದ್ರು.

ಬಫಿಂಗ್‌ನಾಗ ಕೆಟ್ಟ ನಾಕರಾಗ ಮೂರರ ಗುರುತು ಮತ್ತ ಎಬ್ಬಿಸೀನಿ, ಹೆಂಗ ಅನ್ನೋದು ಸದ್ಯಕ್ಕ ನನ್ನ ಹಂತ್ಯಾಕೇ ಇರ್ಲಿ.

ಚೀಲದಾಗ ಅಂಬಾಸಿಡರ್ ಸಾಮಾನೂ ಕಲತಿತ್ತು. ಪದ್ಮಿನಿ ಫಿಯಾಟ್ ಮೂಲದ ಗಾಡಿ, ಅದರ ನಟ್ಟು-ಸ್ಕ್ರೂ ಎಂಎಂ ಅಳತಿ; ಅಂಬಾಸಿಡರ್ ಮೋರಿಸ್ ಆಕ್ಸ್‌ಫರ್ಡ್ ಮೂಲದ್ದು, ಇಂಚು. ಆದ್ರ ಎಂ5 ಅನ್ನೋ ಎಂಎಂ ಸ್ಕ್ರೂ ಮತ್ತ 10-32 ಅನ್ನೋ ಇಂಚಿನ ಸ್ಕ್ರೂ ಕಣ್ಣಿಗೆ ಒಂದೇ ಕಾಣ್ತಾವ, ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ಎರಡರದೂ 0.8 ಎಂಎಂ ಆಜುಬಾಜು, ದಪ್ಪ ಮಾತ್ರ 5 ಮತ್ತ 4.83 ಎಂಎಂ. ಗೊತ್ತಾಗ್ದೆ 10-32 ನಟ್ಟು ಎಂ5 ಸ್ಟಡ್ಡಿಗೆ (ಹಿಂದಿರೋ ಥ್ರೆಡ್ ಕಡ್ಡಿಗೆ) ಜಬರ್ದಸ್ತಿ ಏರಿಸಿ ಒಂದು ಬ್ಯಾಡ್ಜಿನ ಸ್ಟಡ್ ಮುರಕೊಂಡೆ, 700 ರೂಪಾಯಿ. ಈಗ ದಪ್ಪ ಅಳಿಯೋ ಕ್ಯಾಲಿಪರ್ ಇಲ್ದ ನಟ್ಟು ಮುಟ್ಟಂಗಿಲ್ಲ.

ನಡುವ ಹುಣಸಿಹುಳಿ ಪ್ರಯೋಗನೂ ಮಾಡ್ದೆ. ಹಿತ್ತಾಳಿ ಸ್ಕ್ರೂ ಬಂಗಾರದಂಗ ಆದ್ವು, ಅದೇ ನೀರಾಗ ಮಜಾಕ್ (ಜಿಂಕಿನ ಮಿಶ್ರಲೋಹ) ಎರಕದ ಹಿಡಿಕಿ ರಾತ್ರಿಯೆಲ್ಲಾ ಬಿಟ್ಟೆ, ಬೆಳಿಗ್ಗೆ ಮೈತುಂಬ ಗುಳ್ಳಿ. ಹುಳಿ ಜಿಂಕನ್ನ ತಿಂತದ, ಮಜಾಕಿಗೆ ಹಚ್ಚಬ್ಯಾಡ್ರಿ.

ಸುಮಾರು 110 ಸಾಮಾನಿನಾಗ 90ರ ಮ್ಯಾಲ ಗುರುತು ಸಿಕ್ಕಾವ, ಖರ್ಚು ಎಲ್ಲಾ ಸೇರಿ 5 ಸಾವಿರ ಚಿಲ್ಲರ. ಡಿಕ್ಕಿ ಕೆಳಗಿಂದು ಅನಸೋ ಒಂದು ಪಟ್ಟಿ ಇನ್ನೂ ಉಳದದ, ಅದರ ಹಿಂದ ಮೂರು ಕಲೆ, ನನ್ನ ಗಾಡ್ಯಾಗ ಎರಡೇ ತೂತು.