6 ವೋಲ್ಟ್ ಯೆಜ್ಡಿಯ ಕರೆಂಟು ಕೊನೆಗೂ ಸರಿಹೋಯಿತು

"12 ವೋಲ್ಟ್ ಕಿಟ್ ಹಾಕ್ಸಿಬಿಡಿ ಸಾರ್, ಸುಮ್ನೆ ಯಾಕೆ ಒದ್ದಾಡ್ತೀರಾ?" ಎರಡು ವರ್ಷದಲ್ಲಿ ನಾಲ್ಕು ಮೆಕ್ಯಾನಿಕ್‌ಗಳ ಬಾಯಲ್ಲಿ ಈ ಮಾತು ಕೇಳಿದ್ದೇನೆ. ಅಂದರೆ ಹಳೆಯ 6 ವೋಲ್ಟ್ ವ್ಯವಸ್ಥೆ ತೆಗೆದು 12 ವೋಲ್ಟಿನದು ಕೂರಿಸುವುದು. ಗೆಳೆಯರೂ ಇದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ನನ್ನದು 1976ರ ಯೆಜ್ಡಿ 250 ಬೈಕು, ಬಿ ಟೈಪ್. ಚಿಕ್ಕಪ್ಪ ಓಡಿಸುತ್ತಿದ್ದ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 6 ವೋಲ್ಟ್ ಡೈನಮೋ (ಇಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಯಂತ್ರ) ಜೊತೆ ಹೊರಬಂದದ್ದು. ಅದೇ ಡೈನಮೋದಲ್ಲಿ ಅದು ಓಡಬೇಕು, ಅದೇ ಡೈನಮೋದಲ್ಲಿ ದೀಪ ಉರಿಯಬೇಕು ಎಂದು ಹಟ ಹಿಡಿದೆ. ಈಗ ಎರಡೂ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಜಿನ್ ಕೆಲಸದ ಬಗ್ಗೆ ಹೇಳುವಂಥದ್ದು ಏನಿಲ್ಲ. ಕ್ರ್ಯಾಂಕ್, ಬೋರು, ಸೀಲು ಎಲ್ಲ ಆಯಿತು. ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಕಪ್ಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ. ಆದರೆ ಅದು ಗೊತ್ತಾಗಲು ಸುಮಾರು 12 ಸಾವಿರ ರೂಪಾಯಿ ಕಳೆಯಬೇಕಾಯಿತು.

ಜೋಡಿಸಿ ಮೊದಲ ಸಲ ರಾತ್ರಿ ಹೊರಗೆ ತೆಗೆದಾಗ ಹೆಡ್‌ಲೈಟ್ ಹಳದಿ ಚುಕ್ಕೆಯಂತೆ ಇತ್ತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದ ಹಾಗೆ ಸದ್ದು. ಕೆಂಪು ಚಾರ್ಜಿಂಗ್ ದೀಪ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಆರುತ್ತಿರಲಿಲ್ಲ. ಎಂಟು ಹತ್ತು ಕಿಲೋಮೀಟರ್ ಓಡಿದ ಮೇಲೆ ಮಿಸ್ಸಿಂಗ್, ಆಮೇಲೆ ಇಂಜಿನ್ ಆಫ್. ಅರ್ಧ ಗಂಟೆ ನಿಂತರೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಇದರ ಜೊತೆಗೆ ಆಗಾಗ ಫ್ಯೂಸ್ ಹೋಗುತ್ತಿತ್ತು.

ಮೊದಲ ಎಲೆಕ್ಟ್ರಿಷಿಯನ್ ಪೂರ್ತಿ ಹೊಸ ವೈರಿಂಗ್ ಎಳೆದರು. ಮೂರೂವರೆ ಸಾವಿರ. ಏನೂ ಬದಲಾಗಲಿಲ್ಲ. ಎರಡನೆಯವರು ಆರ್ಮೇಚರ್ (ಡೈನಮೋ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟಿದೆ ಎಂದು ರೀವೈಂಡಿಂಗ್ ಮಾಡಿಸಿದರು. ಅದಕ್ಕೆ 2,200 ಆಗಿರಬೇಕು. ಆಮೇಲೆ ಡೈನಮೋದ ವೋಲ್ಟೇಜ್ ಹಿಡಿತದಲ್ಲಿಡುವ ಹೊಸ ರೆಗ್ಯುಲೇಟರ್ 1,800. ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಎರಡು. ಚಾರ್ಜ್ ಇಲ್ಲದೆ ಸತ್ತ ಬ್ಯಾಟರಿಗಳು ಮೂರು, ಒಂದೊಂದೂ ಒಂಬೈನೂರರ ಹತ್ತಿರ. ಹಣಕ್ಕಿಂತ ಜಾಸ್ತಿ ನೋವಾದದ್ದು ಆ ಆರ್ಮೇಚರ್ ವಿಷಯಕ್ಕೆ. ಆರ್ಮೇಚರ್ ಪರೀಕ್ಷಿಸುವ ಗ್ರೌಲರ್ ಮೇಲೆ ಇಟ್ಟು ನೋಡದೆಯೇ ಅದನ್ನು ಬಿಚ್ಚಿದ್ದರು. ಕಾರ್ಖಾನೆಯ ಸುತ್ತು ಹೋಯಿತು. ಕರೆಂಟು ಹೊರಗೆ ತರುವ ಒಂದು ಕಾರ್ಬನ್ ಬ್ರಷ್ ತನ್ನ ಹೋಲ್ಡರಿನಲ್ಲಿ ಸಿಕ್ಕಿಕೊಂಡು ಆರ್ಮೇಚರ್ ತುದಿಯ ಕಮ್ಯುಟೇಟರ್‌ಗೆ ತಾಗುತ್ತಲೇ ಇರಲಿಲ್ಲ ಎನ್ನುವುದು ಆಮೇಲೆ ನಾನೇ ಕವರ್ ಬಿಚ್ಚಿದಾಗ ಕಂಡಿತು.

ಅಲ್ಲಿಂದ ಗಾಡಿಯನ್ನು ಯಾರ ಕೈಗೂ ಕೊಡಲಿಲ್ಲ.

ನಾನು ಮಾಡಿದ್ದು ಒಂದೇ ಕೆಲಸ. ಕಂಟಿನ್ಯುಯಿಟಿ ಬೀಪ್ (ವೈರ್ ತುಂಡಾಗಿಲ್ಲ ಎಂದು ಮೀಟರ್ ಮಾಡುವ ಸದ್ದು) ನಂಬುವುದನ್ನು ಬಿಟ್ಟೆ. ಹತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. 6 ವೋಲ್ಟ್ ಗಾಡಿಗೆ ಆ ಪರೀಕ್ಷೆ ಸಾಲದು. 35 ವ್ಯಾಟ್ ಬಲ್ಬು 6 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ 0.1 ಓಮ್ ಅಡ್ಡ ಬಂದರೂ 0.6 ವೋಲ್ಟ್ ಹೋಯಿತು. ಬಲ್ಬಿಗೆ 6ರ ಬದಲು 5 ವೋಲ್ಟ್ ಸಿಕ್ಕರೆ ಬೆಳಕು ಆರರಲ್ಲಿ ಒಂದು ಪಾಲಲ್ಲ, ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ದೀಪ ಹಚ್ಚಿಟ್ಟು, ಕರೆಂಟು ಹರಿಯುತ್ತಿರುವಾಗಲೇ, ಪ್ರತಿ ಕೀಲಿನ ಆಚೆ ಈಚೆ ಮೀಟರಿನ ಕಡ್ಡಿ ಇಟ್ಟು ಎಷ್ಟು ವೋಲ್ಟ್ ಸೋರುತ್ತಿದೆ ಎಂದು ಬರೆದುಕೊಂಡೆ. ಒಂದು ಭಾನುವಾರ ಪೂರ್ತಿ ಇದೇ ಕೆಲಸ.

ನೆನಪಿನಿಂದ ಹೇಳುತ್ತೇನೆ. ದೀಪ ಹಚ್ಚಿದಾಗ ಬ್ಯಾಟರಿಯಲ್ಲಿ 6.1. ಬಲ್ಬಿನ ಹೋಲ್ಡರಿನಲ್ಲಿ 4.4. ಉಳಿದ 1.7 ವೋಲ್ಟ್ ಎಲ್ಲಿ ಹೋಯಿತು? ಇಗ್ನಿಷನ್ ಸ್ವಿಚ್ ಒಳಗೆ 0.7. ಫ್ಯೂಸ್ ಹೋಲ್ಡರಿನಲ್ಲಿ 0.3. ಡಿಮ್ಮರ್ ಮತ್ತು ವೈರಿನಲ್ಲಿ 0.2. ಉಳಿದ ಅರ್ಧ ವೋಲ್ಟ್ ಅರ್ತ್ ಕಡೆ, ಅಂದರೆ ಚಾಸಿಯ ಮೂಲಕ ಕರೆಂಟು ಬ್ಯಾಟರಿಗೆ ಮರಳುವ ದಾರಿಯಲ್ಲಿ! ಅದನ್ನು ಯಾರೂ ನೋಡಿರಲೇ ಇಲ್ಲ. ಹೆಡ್‌ಲೈಟ್ ಬುಟ್ಟಿ, ಕಾಯಿಲ್ ಕ್ಲ್ಯಾಂಪ್, ರೆಗ್ಯುಲೇಟರ್ ತಳ, ಇಂಜಿನ್ ಕೂರುವ ಜಾಗ, ಎಲ್ಲ ಕಡೆ ಆ ಚೆಂದದ ಪೌಡರ್ ಕೋಟಿಂಗ್ ಕೂತಿತ್ತು. ಬೋಲ್ಟಿನ ಒಂದೆರಡು ಎಳೆಯ ಮೂಲಕ ಮಾತ್ರ ಅರ್ತ್ ಸಿಗುತ್ತಿತ್ತು.

ಕೋಟಿಂಗ್ ಕೆರೆಯಲು ಮನಸ್ಸು ಬರಲಿಲ್ಲ. ಅದರ ಬದಲು ಬ್ಯಾಟರಿಯ ಅರ್ತ್ ತುದಿಯಿಂದ 2.5 ಚದರ ಮಿ.ಮೀ. ವೈರ್ ಎಳೆದು ಇಂಜಿನ್‌ಗೆ ಒಂದು, ರೆಗ್ಯುಲೇಟರ್ ತಳಕ್ಕೆ ಒಂದು, ಹೆಡ್‌ಲೈಟ್ ಒಳಗೆ ಒಂದು, ಟೇಲ್ ಲ್ಯಾಂಪಿಗೆ ಒಂದು ಕೊಟ್ಟೆ. ಬ್ಯಾಟರಿಯಿಂದ ಸ್ವಿಚ್ಚಿಗೆ ಹೋಗುವ ಮುಖ್ಯ ವೈರೂ ಅದೇ ದಪ್ಪ. ಹೊಸ ವೈರಿಂಗಿನಲ್ಲಿ ಇದ್ದದ್ದು ಅದರ ಮೂರನೇ ಒಂದು ಪಾಲಿನಷ್ಟು ಸಣ್ಣ ವೈರ್. ಕಣ್ಣಿಗೆ ಎರಡೂ ಒಂದೇ ಥರ, ಸಿಪ್ಪೆ ದಪ್ಪ ಅಷ್ಟೇ. ಸ್ವಿಚ್ ಬಿಚ್ಚಿ ಹಿತ್ತಾಳೆ ಕಾಂಟ್ಯಾಕ್ಟ್‌ಗಳನ್ನು ಹೊಳೆಯುವಂತೆ ಉಜ್ಜಿ ಸ್ಪ್ರಿಂಗ್ ಎಬ್ಬಿಸಿದೆ. ವೈರ್, ಟರ್ಮಿನಲ್, ಹೊಸ ಫ್ಯೂಸ್ ಹೋಲ್ಡರ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದೆ. ಒಟ್ಟು 700 ರೂಪಾಯಿ ದಾಟಿರಲಿಕ್ಕಿಲ್ಲ. ಬಲ್ಬಿನ ಹತ್ತಿರ 5.7 ಬಂತು. ಬೆಳಕು ನೋಡಿ ಮನೆಯವಳು ಹೊರಗೆ ಬಂದು, "ಬೇರೆ ಬಲ್ಬ್ ಹಾಕಿದ್ರಾ?" ಎಂದು ಕೇಳಿದಳು. ಬಲ್ಬು ಅದೇ.

ಮಧ್ಯೆ ಒಂದು ಪ್ರಯೋಗ ಮಾಡಿದ್ದೆ. ಹೆಡ್‌ಲೈಟಿಗೆ 6 ವೋಲ್ಟ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಚ್ಚುವ ಸ್ವಿಚ್) ಹಾಕಿದರೆ ಸ್ವಿಚ್ಚಿನ ಭಾರ ಕಡಿಮೆ ಆಗುತ್ತದಲ್ವಾ ಎಂದು. ವೇಗದಲ್ಲಿ ಚೆನ್ನಾಗಿತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ವೋಲ್ಟೇಜ್ ಇಳಿದು ರಿಲೇ ಟಿಕಟಿಕ ಎಂದು ಬಡಿದುಕೊಂಡಿತು, ದೀಪ ಮಿಣುಕಿತು. ತೆಗೆದುಬಿಟ್ಟೆ. ಸ್ವಿಚ್ ಶುಚಿಯಾಗಿದ್ದರೆ ರಿಲೇ ಬೇಕಿಲ್ಲ.

ಇನ್ನು ಚಾರ್ಜಿಂಗ್. ಬ್ರಷ್ ಹೋಲ್ಡರ್ ಪೆಟ್ರೋಲಿನಲ್ಲಿ ತೊಳೆದೆ. ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವಿನ ಮೈಕಾ ಮೇಲೆದ್ದಿತ್ತು. ಹ್ಯಾಕ್ಸಾ ಬ್ಲೇಡಿನ ತುಂಡನ್ನು ತೆಳ್ಳಗೆ ಉಜ್ಜಿ ಅದರಿಂದ ಅರ್ಧ ಮಿ.ಮೀ. ಕೆಳಗಿಳಿಸಿದೆ. ಎಮರಿ ಪೇಪರ್ ಮಾತ್ರ ಅಲ್ಲಿ ಬೇಡ, ಅದರ ಪುಡಿ ಸಂದಿಯಲ್ಲಿ ಕೂರುತ್ತದೆ. ನುಣ್ಣನೆಯ ಗ್ಲಾಸ್ ಪೇಪರ್ ಸಾಕು. ಯಾವ ಗಾಡಿಯ ಕಾರ್ಬನ್ ಬ್ರಷ್ ತಂದು ಉಜ್ಜಿ ಕೂರಿಸಿದೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅಂಗಡಿಯಲ್ಲಿ ಇದ್ದದ್ದೇ ಕೆಲವು ಜೊತೆ, ನನಗೆ ಇನ್ನೂ ಒಂದು ಗಾಡಿ ಮಾಡುವುದಿದೆ.

ಇಷ್ಟಾದರೂ ಕೆಂಪು ದೀಪ ಆರಲಿಲ್ಲ. ವರ್ಷಗಟ್ಟಲೆ ನಿಂತ ಡೈನಮೋ, ಮೇಲೆ ರಿಪೇರಿಗೆ ಬಿಚ್ಚಿದ್ದು ಬೇರೆ. ಒಳಗಿನ ಕಬ್ಬಿಣದಲ್ಲಿ ಉಳಿದಿರಬೇಕಾದ ಅಯಸ್ಕಾಂತದ ಗುಣ ಹೋಗಿತ್ತು. ಅದನ್ನು ಬ್ಯಾಟರಿಯ ಕರೆಂಟಿನಿಂದ ಮರಳಿ ತರಲು, ಬ್ಯಾಟರಿ ಕೂಡಿಸಿ, ಇಂಜಿನ್ ನಿಂತಿರುವಾಗಲೇ, ಡೈನಮೋವನ್ನು ಬ್ಯಾಟರಿಗೆ ಜೋಡಿಸುವ ಕಟೌಟಿನ ಪಾಯಿಂಟನ್ನು ಬೆರಳಿನಿಂದ ಒಂದು ಕ್ಷಣ ಒತ್ತಿ ಬಿಟ್ಟೆ. ಸಣ್ಣ ಕಿಡಿ ಬಂತು. ಸ್ಟಾರ್ಟ್ ಮಾಡಿ ಸ್ವಲ್ಪ ಎಕ್ಸಿಲರೇಟರ್ ಕೊಟ್ಟೆ, ದೀಪ ಆರಿತು! 1,800 ಕೊಟ್ಟು ತಂದ ರೆಗ್ಯುಲೇಟರ್ ಬಿಚ್ಚಿ ಹಳೆಯದನ್ನೇ ಹಾಕಿದೆ. ಅದರ ಸ್ಪ್ರಿಂಗ್ ಬಿಗಿ ಮಾಡಿ ಈಗ 7ರಿಂದ 7.2 ವೋಲ್ಟ್ ಬರುವಂತೆ ನಿಲ್ಲಿಸಿದ್ದೇನೆ. ಎಲ್ಲಿ, ಎಷ್ಟು ಬಗ್ಗಿಸಿದೆ ಎನ್ನುವುದು ನನ್ನ ಬಳಿಯೇ ಇರಲಿ. ಅದಕ್ಕೆ ಎರಡು ವಾರ ಕಳೆದಿದ್ದೇನೆ.

ಫ್ಯೂಸ್ ಹೋಗುವುದನ್ನು ಹಿಡಿದ ರೀತಿ ನನಗೆ ತುಂಬ ಖುಷಿ ಕೊಟ್ಟಿತು. ಹತ್ತು ಫ್ಯೂಸ್ ಸುಟ್ಟ ಮೇಲೆ ಫ್ಯೂಸಿನ ಜಾಗಕ್ಕೆ ಒಂದು ಹಳೆಯ ಹೆಡ್‌ಲೈಟ್ ಬಲ್ಬು ಸಿಕ್ಕಿಸಿದೆ. ಎಲ್ಲಾದರೂ ಶಾರ್ಟ್ ಆದರೆ ಬಲ್ಬು ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಆಮೇಲೆ ಒಂದೊಂದೇ ವೈರ್ ಅಲ್ಲಾಡಿಸುತ್ತಾ ಹೋದೆ. ಏನೂ ಆಗಲಿಲ್ಲ. ಸುಸ್ತಾಗಿ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಸ್ಟ್ಯಾಂಡ್ ಹಾಕಲು ಹೋದರೆ ಬಲ್ಬು ಝಗ್ಗನೆ ಹತ್ತಿತು. ಬಲಕ್ಕೆ ತಿರುಗಿಸಿದರೆ ಆರಿತು. ಹ್ಯಾಂಡಲ್ ಕೆಳಗೆ ವೈರಿನ ಕಟ್ಟು ಚಾಸಿಗೆ ಉಜ್ಜಿ ಸಿಪ್ಪೆ ಹೋಗಿತ್ತು. ಎರಡಿಂಚು ಉದ್ದ ಬಿಟ್ಟು ಹೊಸ ಸ್ಲೀವ್ ಹಾಕಿದೆ, ಮುಗಿಯಿತು.

ಬಿಸಿಯಾದರೆ ನಿಲ್ಲುವ ಕಾಯಿಲೆ ಕೊನೆಗೆ ಉಳಿಯಿತು. ಎಲ್ಲರೂ ಕಾಯಿಲ್ ಎಂದರು. ನಾನು ಹೇರ್ ಡ್ರೈಯರ್ ತಂದೆ. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಕಾಯಿಲಿಗೆ ಹತ್ತು ನಿಮಿಷ ಬಿಸಿ ಗಾಳಿ ಬಿಟ್ಟೆ, ಏನೂ ಆಗಲಿಲ್ಲ. ಬಲಗಡೆ ಕವರ್ ಬಿಚ್ಚಿ, ಪಾಯಿಂಟಿನ (ಕಾಯಿಲಿನ ಕರೆಂಟು ಕಡಿಯುವ ಸ್ವಿಚ್) ಕಿಡಿ ತಡೆಯುವ ಕಂಡೆನ್ಸರಿಗೆ ಬಿಟ್ಟೆ. ಮೂರು ನಾಲ್ಕು ನಿಮಿಷಕ್ಕೆ ಪಾಯಿಂಟಿನಲ್ಲಿ ನೀಲಿ ಕಿಡಿ ದಪ್ಪವಾಯಿತು, ಇಂಜಿನ್ ಕೆಮ್ಮಿ ನಿಂತಿತು. ಜೆ.ಸಿ. ರೋಡಿನಿಂದ ಹೊಸ ಕಂಡೆನ್ಸರ್ ತಂದು ಹಾಕಿದೆ, ಅದೂ ಒಂದು ತಿಂಗಳಿಗೆ ಹೋಯಿತು. ಕ್ರ್ಯಾಂಕಿನ ಪಕ್ಕದ ಆ ಬಿಸಿಯಲ್ಲಿ ಅದು ಬಾಳುವುದಿಲ್ಲ ಎನಿಸಿ, ಮುಂದಿನದನ್ನು ಟ್ಯಾಂಕಿನ ಕೆಳಗೆ ಕಾಯಿಲ್ ಪಕ್ಕಕ್ಕೆ ಕೂರಿಸಿ ಪಾಯಿಂಟಿನ ವೈರಿಗೆ ಸೇರಿಸಿದೆ. ಅದರ ತಗಡಿಗೂ ಒಂದು ಅರ್ತ್ ವೈರ್. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಆ ಕಂಡೆನ್ಸರ್ ಹೋದ ವರ್ಷದ್ದು, ಇವತ್ತಿಗೂ ಅದೇ ಇದೆ.

ಒಂದು ಮಾತು ಮುಚ್ಚಿಡುವುದಿಲ್ಲ. 45 ವ್ಯಾಟ್ ಡೈನಮೋ ಎಂದರೆ 7.5 ಆಂಪಿಯರ್. ಹೆಡ್‌ಲೈಟಿಗೆ 6, ಟೇಲ್ ಲ್ಯಾಂಪಿಗೆ ಒಂದು, ಕಾಯಿಲಿಗೆ ಒಂದೂವರೆ ಎರಡು. ರಾತ್ರಿಯಿಡೀ ಓಡಿಸಿದರೆ ಬ್ಯಾಟರಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಹಗಲು ಓಡಿದರೆ ಮತ್ತೆ ತುಂಬುತ್ತದೆ. ನನಗೆ ಅಷ್ಟು ಸಾಕು.

ಜಾವಾ, ಯೆಜ್ಡಿ ಬೈಕಿನವರು ಸೇರುವ, ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಗಾಡಿ ತೆಗೆದುಕೊಂಡು ಹೋದೆ. ಕಿಟ್ ಹಾಕಿಸಿ ಎಂದಿದ್ದ ಗೆಳೆಯರಲ್ಲಿ ಇಬ್ಬರು ಅಲ್ಲಿದ್ದರು. ವಾಪಸ್ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಕತ್ತಲಾಯಿತು, ತುಂತುರು ಮಳೆ ಬೇರೆ. ಇಬ್ಬರೂ ನನ್ನ ದೀಪದ ಹಿಂದೆಯೇ ಮೈಸೂರಿನವರೆಗೆ ಬಂದರು. ಮನೆ ಮುಂದೆ ಇಳಿದಾಗ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಕೀಲಿ ತೆಗೆಯುವ ಮೊದಲು, "ಇರೋ, ಒಂದ್ಸಲ ಹಾರ್ನ್ ಹೊಡಿ" ಎಂದರು. ಹೊಡೆದೆ.