ಸಣ್ಣ ಫ್ಲ್ಯಾಟಿಗೆ ಅಳತೆಯ ಟೇಬಲ್: ಕಟ್ಟಿಗೆಗೂ ಸ್ವಲ್ಪ ಜಾಗ ಬಿಡಿ

ಹುಬ್ಬಳ್ಳಿಯ ಕೇಶ್ವಾಪುರ, ವಿದ್ಯಾನಗರದ ಸಣ್ಣ ಫ್ಲ್ಯಾಟುಗಳಲ್ಲಿ ರೆಡಿಮೇಡ್ ಡೈನಿಂಗ್ ಟೇಬಲ್ ಇಟ್ಟರೆ ಓಡಾಡುವುದೇ ಕಷ್ಟ. ಅಳತೆಗೆ ತಕ್ಕಂತೆ ಮಾಡಿಕೊಳ್ಳುವುದೇ ಒಳ್ಳೆಯದು.

ಮೊದಲು ಹಳೆಯ ಪೇಪರ್ ಹಾಳೆಗಳನ್ನು ಅಂಟಿಸಿ 4 ಅಡಿ ಉದ್ದ, 2 ಅಡಿ ಅಗಲ ಮಾಡಿ ನೆಲಕ್ಕೆ ಹಾಸಿ. ಕುರ್ಚಿ ಹಿಂದೆ ಎಳೆದು ಏಳಲು ಎರಡೂವರೆ ಅಡಿಯಾದರೂ ಬೇಕು. ಫ್ರಿಜ್ ಬಾಗಿಲು ಪೂರ್ತಿ ತೆರೆಯುತ್ತದಾ ನೋಡಿ. ಒಬ್ಬರು ಆರಾಮಾಗಿ ಕೂರಲು 2 ಅಡಿ ಅಂಚು ಸಾಕು. ಎತ್ತರ 30 ಇಂಚು.

ಇನ್ನು ಕಟ್ಟಿಗೆ. ಸಾ ಮಿಲ್‌ನಲ್ಲಿ ಲೆಕ್ಕ ಘನ ಅಡಿಯಲ್ಲಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಗುಣಿಸಿ, 144ರಿಂದ ಭಾಗಿಸಿ. ಒಂದೂಕಾಲು ಇಂಚು ದಪ್ಪದ ಮೇಲ್ಹಲಗೆಗೆ 0.83 ಘನ ಅಡಿ ಆಗುತ್ತದೆ. ಕಾಲು, ಚೌಕಟ್ಟು, ವೇಸ್ಟೇಜ್ ಸೇರಿ 2 ಘನ ಅಡಿ ತೆಗೆದುಕೊಳ್ಳಿ. ರಂದಾ ಹೊಡೆದಾಗ ದಪ್ಪ ಇಳಿಯುತ್ತದೆ, ಅದಕ್ಕೇ ಈ ಹೆಚ್ಚುವರಿ. ಸಾಗವಾನಿ ದುಬಾರಿ, ನಿಜ. ಆದರೆ ಅದು ಹವೆಗೆ ಬೇಗ ಸೊಟ್ಟಗಾಗುವುದಿಲ್ಲ. ಹಸಿ ಕಟ್ಟಿಗೆ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.

ಹಲಗೆಗಳ ಅಂಚಿಗೆ ಫೆವಿಕಾಲ್ ಹಚ್ಚಿ, ಕ್ಲಾಂಪ್ ಬಿಗಿದು ಒಂದು ದಿನ ಬಿಡಿ. ಆಮೇಲೆ ನಾಲ್ಕು ಕಾಲು ಮತ್ತು ಚೌಕಟ್ಟು ಜೋಡಿಸಿ. ಬಾಡಿಗೆ ಮನೆಯಾದರೆ ಕಾಲುಗಳಿಗೆ ನಟ್-ಬೋಲ್ಟ್ ಹಾಕಿಸಿ. ಮನೆ ಬದಲಿಸುವಾಗ ಬಿಚ್ಚಿ ಮೆಟ್ಟಿಲು ಇಳಿಸಬಹುದು.

ಅವಸರ ಮಾಡಬಾರದ ಕೆಲಸ ಮುಂದಿನದು: ಮೇಲ್ಹಲಗೆಯನ್ನು ಚೌಕಟ್ಟಿಗೆ ಕೂಡಿಸುವುದು. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಜುಲೈ ಜಿಟಿಜಿಟಿ ಮಳೆಗೆ ತೇವ ಹೀರಿ ಹಿಗ್ಗುತ್ತದೆ. ಈ ಆಟವೆಲ್ಲ ಅಗಲಕ್ಕೆ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. 2 ಅಡಿ ಅಗಲದ ಹಲಗೆ ಮೂರ್ನಾಲ್ಕು ಮಿಲಿಮೀಟರ್ ಸರಿಯಬಹುದು. ಅಂಟು ಹಾಕಿ ಬಿಗಿದರೆ ಅದು ಸರಿಯಲಾರದೆ ಸೀಳುತ್ತದೆ. ಹಾಗಾಗಿ ಇಲ್ಲಿ ಅಂಟು ಬೇಡವೇ ಬೇಡ. ಚೌಕಟ್ಟಿನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಕೊರೆದು, ಕೆಳಗಿನಿಂದ ವಾಷರ್ ಹಾಕಿ ಸ್ಕ್ರೂ ತಿರುಗಿಸಿ. ಬಡಗಿಯಿಂದ ಮಾಡಿಸುವುದಾದರೆ ಇದೊಂದನ್ನು ಮೊದಲೇ ಹೇಳಿಬಿಡಿ.

80, 120, 220 ನಂಬರಿನ ಪಾಲಿಶ್ ಪೇಪರನ್ನು ಇದೇ ಕ್ರಮದಲ್ಲಿ, ಎಳೆಯ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದ ಗೀರು ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತದೆ.

ಹೊಳಪಿಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸಿ ಎಣ್ಣೆ ನನಗೆ ಇಷ್ಟ. ಅಡುಗೆಮನೆಯ ಶೇಂಗಾ ಎಣ್ಣೆ ಒಣಗುವುದಿಲ್ಲ, ಅಂಟಂಟಾಗಿ ವಾಸನೆ ಬರುತ್ತದೆ. ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ಮರುದಿನ ಇನ್ನೊಂದು ಸಲ. ಮೇಲ್ಹಲಗೆಯ ಅಡಿಭಾಗಕ್ಕೂ ಹಚ್ಚಿ, ಇಲ್ಲದಿದ್ದರೆ ಒಂದೇ ಕಡೆ ತೇವ ಹೀರಿ ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಗಾಳಿಗೆ ಹರವಿ ಪೂರ್ತಿ ಒಣಗಿದ ಮೇಲೆ ಬಿಸಾಕಿ.