ಮೈಎಸ್‌ಕ್ಯುಎಲ್ ಇನ್‌ಸ್ಟಾಲ್ ಅರ್ಧಕ್ಕೇ ನಿಂತಿತೇ? ಅಳಿಸುವ ಮೊದಲು ಲಾಗ್ ಓದಿ

ಉಬುಂಟುವಿನಲ್ಲಿ ಮೈಎಸ್‌ಕ್ಯುಎಲ್ 8.0 ಎಂಬ ಡೇಟಾಬೇಸ್ ಸರ್ವರ್ ಹಾಕುವಾಗ ಕೊನೆಯಲ್ಲಿ 'ಡಿಪಿಕೆಜಿ: ಎರರ್ ಪ್ರೊಸೆಸಿಂಗ್ ಪ್ಯಾಕೇಜ್' ಎಂಬ ಸಾಲು ಬಂದರೆ ಬಹುತೇಕರು ಮಾಡುವುದು ಒಂದೇ: ಎಲ್ಲವನ್ನೂ ಅಳಿಸಿ ಮತ್ತೆ ಹಾಕುವುದು. ದಯವಿಟ್ಟು ಬೇಡ. ಸಾಮಾನ್ಯವಾಗಿ ಫೈಲುಗಳೆಲ್ಲ ಸರಿಯಾಗಿಯೇ ಇಳಿದಿರುತ್ತವೆ, ಸರ್ವರ್ ಮಾತ್ರ ಶುರುವಾಗಿರುವುದಿಲ್ಲ. ಯಾಕೆಂದು ಡಿಪಿಕೆಜಿ (ಪ್ಯಾಕೇಜುಗಳನ್ನು ಹಾಕುವ ಉಬುಂಟುವಿನ ಪ್ರೋಗ್ರಾಂ) ಹೇಳುವುದಿಲ್ಲ, ಲಾಗ್ (ಸರ್ವರ್ ತನ್ನ ಕೆಲಸ, ದೋಷಗಳನ್ನು ಬರೆದಿಡುವ ಫೈಲ್) ಹೇಳುತ್ತದೆ.

ಮೊದಲು ಟರ್ಮಿನಲ್‌ನಲ್ಲಿ 'ಸುಡೊ ಟೇಲ್ -ಎನ್ 50 /ವಾರ್/ಲಾಗ್/ಮೈಎಸ್‌ಕ್ಯುಎಲ್/ಎರರ್.ಲಾಗ್' ಕೊಡಿ. ಅದು ಖಾಲಿ ಇದ್ದರೆ 'ಸುಡೊ ಜರ್ನಲ್‌ಸಿಟಿಎಲ್ -ಯು ಮೈಎಸ್‌ಕ್ಯುಎಲ್' ನೋಡಿ. 'ಎರರ್' ಎಂದಿರುವ ಮೊದಲ ಸಾಲೇ ಮುಖ್ಯ. ಅದರ ಕೆಳಗಿನವು ಹೆಚ್ಚಾಗಿ ಅದರಿಂದಲೇ ಹುಟ್ಟಿದವು.

'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಎಂದಿದ್ದರೆ 3306 ಪೋರ್ಟನ್ನು ಬೇರೊಂದು ಪ್ರೋಗ್ರಾಂ ಹಿಡಿದಿದೆ. 'ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ' ಅದರ ಹೆಸರು ತೋರಿಸುತ್ತದೆ. 'ಅನ್‌ನೋನ್ ವೇರಿಯಬಲ್' ಎಂದಿದ್ದರೆ ಹಳೆಯ ಸೆಟ್ಟಿಂಗ್ ಉಳಿದಿದೆ: ಉದಾಹರಣೆಗೆ, ಹಿಂದಿನ ಆವೃತ್ತಿಗಳಲ್ಲಿದ್ದ ಕ್ವೆರಿ ಕ್ಯಾಶ್ 8.0ರಲ್ಲಿ ಇಲ್ಲವೇ ಇಲ್ಲ, ಸೆಟ್ಟಿಂಗ್ ಫೈಲಿನಿಂದ ಆ ಸಾಲು ತೆಗೆಯಿರಿ. ಡಿಸ್ಕ್ ತುಂಬಿದೆಯೇ ಎಂದು 'ಡಿಎಫ್ -ಎಚ್' ಹೇಳುತ್ತದೆ.

ಲಾಗ್ ಯಾವ ಎರರ್ ಇಲ್ಲದೆ ನಡುವೆಯೇ ತುಂಡಾಗಿದ್ದರೆ ಮೆಮೊರಿಯನ್ನು ಅನುಮಾನಿಸಿ. 512 ಎಂಬಿ ರ‍್ಯಾಮ್‌ನ ಅಗ್ಗದ ಕ್ಲೌಡ್ ಸರ್ವರ್‌ಗಳಲ್ಲಿ ಕರ್ನಲ್ಲೇ (ಉಬುಂಟುವಿನ ತಿರುಳು) ಕೆಲವೊಮ್ಮೆ ಮೈಎಸ್‌ಕ್ಯುಎಲ್ ಅನ್ನು ಕೊಂದುಬಿಡುತ್ತದೆ. 'ಸುಡೊ ಡಿಎಂಇಎಸ್‌ಜಿ' ಕೊಟ್ಟು 'ಔಟ್ ಆಫ್ ಮೆಮೊರಿ' ಹುಡುಕಿ. ಸಿಕ್ಕರೆ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೊಡಿ: 'ಫಾಲೊಕೇಟ್ -ಎಲ್ 2ಜಿ /ಸ್ವಾಪ್‌ಫೈಲ್', ಆಮೇಲೆ ಅದೇ ಫೈಲಿಗೆ 'ಸಿಎಚ್‌ಮಾಡ್ 600', 'ಎಂಕೆಸ್ವಾಪ್', 'ಸ್ವಾಪ್‌ಆನ್', ಎಲ್ಲಕ್ಕೂ ಮುಂದೆ 'ಸುಡೊ'. ರೀಬೂಟ್ ಆದ ಮೇಲೂ ಉಳಿಯಬೇಕಾದರೆ ಅದನ್ನು /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆಯಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಮೊದಲು ಮರಿಯಾಡಿಬಿ (ಮೈಎಸ್‌ಕ್ಯುಎಲ್‌ನಿಂದಲೇ ಕವಲೊಡೆದ ಡೇಟಾಬೇಸ್) ಇದ್ದ ಯಂತ್ರದಲ್ಲಿ. ಅದರ ಡೇಟಾ /ವಾರ್/ಲಿಬ್/ಮೈಎಸ್‌ಕ್ಯುಎಲ್ ಒಳಗೇ ಉಳಿದಿರುತ್ತದೆ, ಮೈಎಸ್‌ಕ್ಯುಎಲ್ 8.0 ಅದನ್ನು ಓದಲಾರದು. ಡೇಟಾ ಕೆಡದಿರಲೆಂದು ಪ್ಯಾಕೇಜು ಕೆಲವೊಮ್ಮೆ /ಇಟಿಸಿ/ಮೈಎಸ್‌ಕ್ಯುಎಲ್/ಫ್ರೋಜನ್ ಎಂಬ ಫೈಲ್ ಇಟ್ಟು ಸರ್ವರನ್ನೇ ತಡೆಯುತ್ತದೆ. ಆ ಡೇಟಾ ಫೋಲ್ಡರನ್ನು ಅಳಿಸಬೇಡಿ, 'ಎಂವಿ' ಕೊಟ್ಟು ಬೇರೆ ಹೆಸರಿಗೆ ಸರಿಸಿ. ಆಮೇಲೆ ಫ್ರೋಜನ್ ಫೈಲ್ ತೆಗೆಯಿರಿ. ಹಳೆಯ ಡೇಟಾ ಬೇಕಿದ್ದರೆ ಇನ್ನೊಂದು ಯಂತ್ರದಲ್ಲಿ ಅದೇ ಆವೃತ್ತಿಯ ಮರಿಯಾಡಿಬಿ ಹಾಕಿ, ಎಸ್‌ಕ್ಯುಎಲ್ ಡಂಪ್ (ಡೇಟಾದ ಪಠ್ಯರೂಪದ ನಕಲು) ತೆಗೆದು ತನ್ನಿ.

ಕಾರಣ ನಿವಾರಿಸಿದ ಮೇಲೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಸಾಕು, ನಿಂತಲ್ಲಿಂದಲೇ ಇನ್‌ಸ್ಟಾಲ್ ಮುಂದುವರಿಯುತ್ತದೆ.

ಈಗಾಗಲೇ /ಇಟಿಸಿ/ಮೈಎಸ್‌ಕ್ಯುಎಲ್ ಫೋಲ್ಡರನ್ನು 'ಆರ್‌ಎಂ' ಕೊಟ್ಟು ಅಳಿಸಿದ್ದೀರಾ? ಹಾಗಾದರೆ ಮತ್ತೆ ಹಾಕಿದರೂ ಆ ಫೈಲುಗಳು ಬರುವುದಿಲ್ಲ. ನೀವು ಬೇಕೆಂದೇ ತೆಗೆದಿದ್ದೀರಿ ಎಂದು ಡಿಪಿಕೆಜಿ ತಿಳಿಯುತ್ತದೆ. ಮೈಎಸ್‌ಕ್ಯುಎಲ್-ಸರ್ವರ್-8.0 ಮತ್ತು ಮೈಎಸ್‌ಕ್ಯುಎಲ್-ಕಾಮನ್ ಎರಡನ್ನೂ 'ಏಪ್ಟ್ ಪರ್ಜ್' ಮಾಡಿಯೇ (ಸೆಟ್ಟಿಂಗ್ ಸಮೇತ ತೆಗೆದೇ) ಮತ್ತೆ ಹಾಕಬೇಕು. ಡೇಟಾಬೇಸ್‌ಗಳನ್ನೂ ಅಳಿಸಲೇ ಎಂದು ಅದು ಕೇಳಿದರೆ 'ನೋ' ಆರಿಸಿ.